ಸೋಂಕು ತಗುಲಿದ ಕೋಶ ಇಷ್ಟು ಕಡಿಮೆ, ಸಾಯುವ ಕೋಶ ಅಷ್ಟು ಜಾಸ್ತಿ: ಎಚ್‌ಐವಿ ಲೆಕ್ಕ ಹೇಗೆ?

ಯಲಹಂಕ_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ಬಯಾಲಜಿ ಹೇಳಿಕೊಡುತ್ತೇನೆ. ಸೆಕೆಂಡ್ ಪಿಯುಗೆ ಆರೋಗ್ಯ ಮತ್ತು ರೋಗಗಳ ಪಾಠ ನಡೆಯುತ್ತಿದೆ. ಏಡ್ಸ್ ವಿಷಯ ಪುಸ್ತಕದಲ್ಲಿ ಇರುವುದೇ ಸ್ವಲ್ಪ. ವೈರಸ್ ಮ್ಯಾಕ್ರೋಫೇಜ್ (ಒಂದು ಬಗೆಯ ರಕ್ಷಣಾ ಕೋಶ) ಒಳಗೆ ಹೋಗುತ್ತದೆ, ಅದು ಎಚ್‌ಐವಿ ಕಾರ್ಖಾನೆ ಆಗುತ್ತದೆ, ಅಲ್ಲಿಂದ ಹೊರಟ ವೈರಸ್ ಸಹಾಯಕ ಟಿ ಕೋಶಗಳಿಗೆ ನುಗ್ಗುತ್ತದೆ, ಅವು ಕಡಿಮೆಯಾಗುತ್ತಾ ಹೋಗುತ್ತವೆ. ಇಷ್ಟನ್ನು ಬೋರ್ಡ್ ಮೇಲೆ ಬರೆದು, ಬಾಣದ ಗುರುತು ಹಾಕಿ ಮುಗಿಸುವುದು ವಾಡಿಕೆ.

ಈ ಸಲ ಒಬ್ಬಳು ಹುಡುಗಿ ಎದ್ದು ನಿಂತಳು. "ಸರ್, ರಕ್ತದಲ್ಲಿ ನೂರು ಟಿ ಕೋಶ ತಗೊಂಡ್ರೆ ಅದರಲ್ಲಿ ಒಂದಕ್ಕೂ ಸರಿಯಾಗಿ ಸೋಂಕು ಇರಲ್ಲ ಅಂತ ಓದಿದೆ. ದೇಹ ದಿನಾ ಹೊಸ ಕೋಶ ಮಾಡ್ತಾನೇ ಇರುತ್ತೆ. ಆ ಒಂದು ಸತ್ತರೆ ಸಾಯಲಿ. ಉಳಿದ ತೊಂಬತ್ತೊಂಬತ್ತಕ್ಕೆ ಏನಾಗುತ್ತೆ ಸರ್?" ಅಂದಳು. ಕ್ಲಾಸು ಗಪ್‌ಚಿಪ್. ನನ್ನ ಹತ್ತಿರ ಉತ್ತರ ಇರಲಿಲ್ಲ. "ವಿಚಾರಿಸಿ ಹೇಳ್ತೀನಿ ಕೂತ್ಕೋ ಮಗಳೇ" ಅಂದೆ.

ಗೂಗಲ್ ಮಾಡಿದರೆ ಬರುವುದೆಲ್ಲ ಒಂದೋ ಆಸ್ಪತ್ರೆ ಜಾಹೀರಾತು, ಇಲ್ಲ ಅರ್ಥವಾಗದ ಪೇಪರ್. ಇಲ್ಲಿ ಲ್ಯಾಬ್‌ಗಳಲ್ಲಿ ಕೆಲಸ ಮಾಡುವವರು ಇದ್ದೀರಿ ಅಂತ ಗೊತ್ತು. ಸೆಕೆಂಡ್ ಪಿಯು ಮಕ್ಕಳಿಗೆ ಹೇಳುವ ಹಾಗೆ ಯಾರಾದರೂ ಬಿಡಿಸಿ ಹೇಳುತ್ತೀರಾ?

ಸೂರಿ_ರಾಜಾಜಿನಗರ:

ಸರ್, ವೈರಸ್ ಕೋಶದ ಒಳಗೆ ಬೆಳೆದು ಅದನ್ನು ಒಡೆದುಕೊಂಡು ಹೊರಗೆ ಬರುತ್ತದೆ, ಕೋಶ ಸಾಯುತ್ತದೆ. ಪರೀಕ್ಷೆಗೆ ಎರಡು ಮಾರ್ಕ್ಸ್‌ಗೆ ಅಷ್ಟು ಸಾಕು. ಜಾಸ್ತಿ ಹೇಳಿದರೆ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ, ಅಲ್ವಾ?

ಪಿಪೆಟ್_ಅಕ್ಕ:

ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್. ಎಚ್‌ಐವಿ ಮೇಲೆ ಕೆಲಸ ಮಾಡುವವರ ತಲೆಯನ್ನು ವರ್ಷಗಟ್ಟಲೆ ತಿಂದ ಪ್ರಶ್ನೆ ಅದು. ನಾನು ಉತ್ತರ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಇದೇ ವೈರಸ್ ಕಟ್ಟಿಕೊಂಡು ಕೂತವಳು. ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ, ಬೈಕೋಬೇಡಿ.

ಸೂರಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ವೈರಸ್ ತಯಾರಿಸುತ್ತಿರುವ ಟಿ ಕೋಶ ನಿಜಕ್ಕೂ ಬೇಗ ಸಾಯುತ್ತದೆ. ಇದು ಗೊತ್ತಾದ ರೀತಿ ಚೆನ್ನಾಗಿದೆ. ಶಕ್ತಿಯುತ ಔಷಧಿ ಬಂದಾಗ ನ್ಯೂಯಾರ್ಕ್‌ನ ಡೇವಿಡ್ ಹೋ ಮತ್ತು ಲಾಸ್ ಅಲಾಮೋಸ್‌ನ ಅಲನ್ ಪೆರೆಲ್ಸನ್ ಸೇರಿ ಒಂದು ಕೆಲಸ ಮಾಡಿದರು. ಔಷಧಿ ಕೊಟ್ಟು, ರಕ್ತದಲ್ಲಿ ವೈರಸ್ ಎಷ್ಟು ಬೇಗ ಇಳಿಯುತ್ತದೆ ಅಂತ ಗಂಟೆಗಟ್ಟಲೆ ಅಳೆದರು. 1996ರ ಅವರ ಲೆಕ್ಕದ ಪ್ರಕಾರ ದೇಹದಲ್ಲಿ ದಿನಕ್ಕೆ ಸುಮಾರು 1000 ಕೋಟಿ ವೈರಸ್ ಹುಟ್ಟುತ್ತವೆ. ಅದನ್ನು ಹುಟ್ಟಿಸುವ ಕೋಶ ಬದುಕುವುದು ಸರಾಸರಿ ಎರಡು ದಿನ, ಸ್ವಲ್ಪ ಹೆಚ್ಚು ಅಷ್ಟೇ. ಹೊರಗಿನಿಂದ ನೋಡಿದರೆ ಆ ಮನುಷ್ಯ ಆರಾಮಾಗಿ ಬಿಎಂಟಿಸಿ ಹತ್ತಿ ಕೆಲಸಕ್ಕೆ ಹೋಗುತ್ತಿರುತ್ತಾನೆ. ವೈರಸ್ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದರು. ಒಳಗೆ ಆ ಪಾಟಿ ಉತ್ಪಾದನೆ ನಡೆಯುತ್ತಿತ್ತು. ಅಂದ ಹಾಗೆ, ರಕ್ತದಲ್ಲಿ ಸಿಗುವ ವೈರಸ್ ಬಹುಪಾಲು ಬರುವುದು ಎಚ್ಚರಗೊಂಡ ಸಿಡಿ4 ಟಿ ಕೋಶಗಳಿಂದ (ನಿಮ್ಮ ಪುಸ್ತಕದ ಸಹಾಯಕ ಟಿ ಕೋಶಗಳೇ ಇವು). ಮ್ಯಾಕ್ರೋಫೇಜ್ ಕಾರ್ಖಾನೆ ಹೌದು, ಆದರೆ ಊರಿಗೆಲ್ಲ ಮಾಲು ಸರಬರಾಜು ಮಾಡುವುದು ಅದೊಂದೇ ಅಲ್ಲ. ಬೋರ್ಡ್ ಮೇಲಿನ ಬಾಣ ಸ್ವಲ್ಪ ತಿದ್ದಬೇಕಾಗುತ್ತದೆ.

ಆದರೆ ಹುಡುಗಿಯ ಪ್ರಶ್ನೆ ಇನ್ನೂ ಹಾಗೇ ಇದೆ. ಸೋಂಕು ತಗುಲಿದ್ದು ಸಾಯಲಿ, ತಗುಲದ್ದು ಯಾಕೆ ಸಾಯಬೇಕು?

ಮೊದಲು "ರಕ್ತದಲ್ಲಿ" ಅನ್ನುವುದರ ತಕರಾರು. ದೇಹದ ಲಿಂಫೋಸೈಟ್‌ಗಳಲ್ಲಿ (ಟಿ ಕೋಶಗಳು ಸೇರುವ ಬಿಳಿ ರಕ್ತಕಣಗಳ ಗುಂಪು) ರಕ್ತದಲ್ಲಿ ಓಡಾಡುವುದು ನೂರಕ್ಕೆ ಎರಡರಷ್ಟು ಮಾತ್ರ. ಉಳಿದದ್ದು ಲಿಂಫ್ ನೋಡ್, ಗುಲ್ಮ, ಟಾನ್ಸಿಲ್, ಕರುಳಿನ ಗೋಡೆ, ಇಲ್ಲೆಲ್ಲ ಕೂತಿದೆ. ನಾವು ಲ್ಯಾಬ್‌ನಲ್ಲಿ ನೋಡುವುದು ಮಾತ್ರ ರಕ್ತ, ಯಾಕೆಂದರೆ ಅದು ಸುಲಭವಾಗಿ ಸಿಗುತ್ತದೆ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಹತ್ತು ಎಂಎಲ್ ಬರುತ್ತದೆ. ಹೆಬ್ಬಾಳ ಫ್ಲೈಓವರ್ ದಾಟಿ ಬರುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಐಸ್ ಮೇಲೆ ಇಡುವ ಹಾಗಿಲ್ಲ, ಬಿಸಿಲಿಗೂ ಬಿಡುವ ಹಾಗಿಲ್ಲ. ಫೈಕಾಲ್ ಅನ್ನುವ ದ್ರವದ ಮೇಲೆ ಆ ರಕ್ತವನ್ನು ಟ್ಯೂಬಿನ ಗೋಡೆಗೆ ತಾಗಿಸಿ ನಿಧಾನವಾಗಿ ಇಳಿಬಿಡಬೇಕು. ಎರಡೂ ಬೆರೆಯಬಾರದು. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಬ್ರೇಕ್ ಆಫ್ ಮಾಡಿ ತಿರುಗಿಸಬೇಕು, ಗಕ್ಕಂತ ನಿಂತರೆ ಪದರ ಕಲಕಿಹೋಗುತ್ತದೆ. ತೆಗೆದು ನೋಡಿದರೆ ಮೇಲೆ ಹಳದಿ ಪ್ಲಾಸ್ಮಾ, ತಳದಲ್ಲಿ ಕೆಂಪು ಕಣ, ನಡುವೆ ತೆಳ್ಳಗೆ ಮಬ್ಬು ಬಿಳಿ ಉಂಗುರ. ನಮಗೆ ಬೇಕಾದ ಕೋಶಗಳೆಲ್ಲ ಆ ಉಂಗುರದಲ್ಲಿವೆ. ಅದನ್ನು ಪಿಪೆಟ್‌ನಲ್ಲಿ ಎತ್ತುವಾಗ ಉಸಿರು ಬಿಗಿ ಹಿಡಿಯುವುದು ನನಗೆ ಈಗಲೂ ಅಭ್ಯಾಸ.

ಆ ಉಂಗುರದಲ್ಲಿ ಎಣಿಸಿದರೆ ನಿಮ್ಮ ಹುಡುಗಿ ಹೇಳಿದ ಲೆಕ್ಕ ಸಿಗುತ್ತದೆ. ಆದರೆ 1993ರಲ್ಲಿ ಅಮೆರಿಕದ ಎರಡು ತಂಡಗಳು ಲಿಂಫ್ ನೋಡ್ ಕತ್ತರಿಸಿ ನೋಡಿದವು. ರಕ್ತದಲ್ಲಿ ವೈರಸ್ ಅಷ್ಟಾಗಿ ಕಾಣದ ಕಾಲದಲ್ಲೂ ಅಲ್ಲಿ ಅದು ತುಂಬಿತ್ತು.

ಎರಡು ವರ್ಷ ಬಿಟ್ಟು ಇನ್ನೊಂದು ತಂಡ ಅಂಥದ್ದೇ ಲಿಂಫ್ ನೋಡ್‌ಗಳಲ್ಲಿ ಸಾಯುತ್ತಿರುವ ಕೋಶ ಯಾವುದು, ಸೋಂಕು ತಗುಲಿದ ಕೋಶ ಯಾವುದು ಅಂತ ಬೇರೆ ಬೇರೆ ಗುರುತು ಹಾಕಿತು. ಎರಡು ಗುರುತೂ ಒಂದೇ ಕೋಶದ ಮೇಲೆ ಬಿದ್ದದ್ದು ಅಪರೂಪ. ಸಾಯುತ್ತಿದ್ದದ್ದು ಹೆಚ್ಚಾಗಿ ಪಕ್ಕದ ಕೋಶ.

ಪಕ್ಕದ್ದು ಯಾಕೆ? ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯಲ್ಲಿ ವಾರ್ನರ್ ಗ್ರೀನ್ ಅವರ ತಂಡ ಇದರ ಬೆನ್ನು ಹತ್ತಿತು. ಆಪರೇಷನ್ ಮಾಡಿ ತೆಗೆದ ಟಾನ್ಸಿಲ್ ತಂದು, ಅದರ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ವೈರಸ್ ಹಾಕಿದರು. ಸಾಯುತ್ತಿದ್ದ ಸಿಡಿ4 ಕೋಶಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ವೈರಸ್ ತಯಾರಿಸುವ ಕೋಶಗಳೇ ಅಲ್ಲ. ಅವು ಸುಮ್ನೆ ವಿಶ್ರಾಂತಿಯಲ್ಲಿದ್ದವು. ವೈರಸ್ ಒಳಗೆ ಹೋಗಿದೆ, ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಲು ಶುರು ಮಾಡಿದೆ, ಆದರೆ ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಅದಕ್ಕೆ ಬೇಕಾದ ಸಾಮಾನು ಸಾಲದು. ಕೆಲಸ ಅರ್ಧಕ್ಕೇ ನಿಂತಿದೆ. ವೈರಸ್ ದೃಷ್ಟಿಯಿಂದ ಇದು ಸೋತ ಸೋಂಕು. ಆದರೆ ಆ ಅರ್ಧಂಬರ್ಧ ಡಿಎನ್‌ಎ ತುಂಡು ಕೋಶದೊಳಗೆ ತೇಲುತ್ತಿರುತ್ತದಲ್ಲ, ಅದನ್ನು ಐಎಫ್‌ಐ16 ಎಂಬ ಪ್ರೋಟೀನ್ ಪತ್ತೆ ಹಚ್ಚುತ್ತದೆ. ಕ್ಯಾಸ್ಪೇಸ್-1 ಎಂಬ ಕಿಣ್ವ ಜಾಗೃತವಾಗುತ್ತದೆ. ಕೋಶ ತಾನೇ ತನ್ನನ್ನು ಕೊಂದುಕೊಳ್ಳುತ್ತದೆ.

ಅದೂ ನೀವು ಪಾಠದಲ್ಲಿ ಹೇಳುವ ಅಪಾಪ್ಟೋಸಿಸ್ ಥರ ಗಲಾಟೆ ಇಲ್ಲದ ಸಾವಲ್ಲ. ಇದರ ಹೆಸರು ಪೈರಾಪ್ಟೋಸಿಸ್. ಕೋಶ ಊದಿಕೊಂಡು ಗ್ಯಾಸ್ ಸಿಲಿಂಡರ್ ಸಿಡಿದ ಹಾಗೆ ಸಿಡಿಯುತ್ತದೆ, ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲುತ್ತದೆ. ಚೆಲ್ಲಿದ್ದರಲ್ಲಿ ಐಎಲ್-1 ಬೀಟಾ ಅನ್ನುವ ಉರಿಯೂತದ ಸಂಕೇತವೂ ಇದೆ. ಅದರ ಕರೆಗೆ ಇನ್ನಷ್ಟು ಸಿಡಿ4 ಕೋಶಗಳು ಅಲ್ಲಿಗೇ ಬರುತ್ತವೆ. ಬಂದವುಗಳಿಗೂ ಅದೇ ಗತಿ.

ಇದನ್ನು ಒಪ್ಪಿಕೊಳ್ಳಲು ನನಗೆ ಹಿಡಿಸಿದ ಸಾಕ್ಷಿ ಒಂದಿದೆ. 2010ರಲ್ಲಿ ಅದೇ ತಂಡ ತಟ್ಟೆಗೆ ಬೇರೆ ಬೇರೆ ಔಷಧಿ ಹಾಕಿ ನೋಡಿತ್ತು. ವೈರಸ್ ಡಿಎನ್‌ಎ ಮಾಡುವುದನ್ನೇ ತಡೆಯುವ ಎಫಾವಿರೆಂಜ್ ಹಾಕಿದರೆ ಪಕ್ಕದ ಕೋಶಗಳು ಉಳಿದವು. ಡಿಎನ್‌ಎ ಆದ ಮೇಲೆ ಅದು ಕೋಶದ ಡಿಎನ್‌ಎಗೆ ಸೇರುವುದನ್ನು ತಡೆಯುವ ರಾಲ್ಟೆಗ್ರಾವಿರ್ ಹಾಕಿದರೆ ಸಾವು ನಿಲ್ಲಲಿಲ್ಲ. ಅಂದರೆ ಕೊಲ್ಲುವ ಗಳಿಗೆ ಈ ಎರಡರ ನಡುವೆ ಎಲ್ಲೋ ಇದೆ. ಐಎಫ್‌ಐ16 ಮತ್ತು ಕ್ಯಾಸ್ಪೇಸ್-1 ಕಥೆ ಪೂರ್ತಿಯಾಗಿ ಹೊರಬಂದದ್ದು 2014ರಲ್ಲಿ. ಮರುವರ್ಷ ಇನ್ನೊಂದು ವಿಷಯ ಸೇರಿತು: ರಕ್ತದಿಂದ ತೆಗೆದ ಸಿಡಿ4 ಕೋಶಗಳು ಈ ರೀತಿ ಸುಲಭಕ್ಕೆ ಸಾಯುವುದಿಲ್ಲ. ಅವನ್ನು ಟಾನ್ಸಿಲ್ ಕೋಶಗಳ ಜೊತೆ ಇಟ್ಟರೆ ಸಾಯಲು ಶುರು. ನನ್ನ ಬಿಳಿ ಉಂಗುರ ಮಾತ್ರ ನೋಡಿಕೊಂಡು ಕೂತಿದ್ದರೆ ಯಾರಿಗೂ ಈ ವಿಷಯ ತಿಳಿಯುತ್ತಿರಲಿಲ್ಲ. ಇಲ್ಲಿ ಟಾನ್ಸಿಲ್ ಸಿಗುವುದು ಎಷ್ಟು ಕಷ್ಟ ಅಂತ ಮಾತ್ರ ಕೇಳಬೇಡಿ. ಒಪ್ಪಿಗೆ ಪತ್ರ, ಎಥಿಕ್ಸ್ ಕಮಿಟಿ, ಆಮೇಲೆ ಸರ್ಜನ್ ಮೂಡು.

ಊಟದ ಡಬ್ಬಿ ತಣ್ಣಗಾಯಿತು. ಕರುಳಿನ ಕಥೆ ಸಂಜೆ ಬರೆಯುತ್ತೇನೆ.

ಪಿಪೆಟ್_ಅಕ್ಕ:

ಮುಂದುವರಿಕೆ.

ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲೇ ಕರುಳಿನ ಗೋಡೆಯ ಸಿಡಿ4 ಕೋಶಗಳು ಬಹುಪಾಲು ಹೊರಟುಹೋಗುತ್ತವೆ. ಆ ಹೊತ್ತಿಗೆ ರಕ್ತದ ರಿಪೋರ್ಟಿನಲ್ಲಿ ಅಂಥದ್ದೇನೂ ಕಾಣದೇ ಇರಬಹುದು. ಕಾವಲು ಹೋದ ಮೇಲೆ ಗೋಡೆಯೂ ಸಡಿಲವಾಗುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರುತ್ತವೆ. 2006ರಲ್ಲಿ ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಬ್ರೆಂಚ್ಲಿ ಮತ್ತು ಡೌಎಕ್ ಸೋಂಕಿತರ ಪ್ಲಾಸ್ಮಾದಲ್ಲಿ ಎಲ್‌ಪಿಎಸ್ ಎಂಬ ಬ್ಯಾಕ್ಟೀರಿಯಾ ಗೋಡೆಯ ವಸ್ತು ಜಾಸ್ತಿ ಇರುವುದನ್ನು ತೋರಿಸಿದರು. ಮಕ್ಕಳಿಗೆ ಇಷ್ಟವಾಗುವ ವಿಷಯ: ಎಲ್‌ಪಿಎಸ್ ಅಳೆಯುವ ಪರೀಕ್ಷೆಗೆ ಬಳಸುವುದು ಕುದುರೆಲಾಳ ಏಡಿಯ ರಕ್ತದಿಂದ ತೆಗೆದ ಸಾರ. ಆ ಏಡಿಯ ರಕ್ತ ನೀಲಿ.

ಹೀಗೆ ಸೋರಿದರೆ ರೋಗನಿರೋಧಕ ವ್ಯವಸ್ಥೆಗೆ ಹಗಲು ರಾತ್ರಿ ನಿದ್ದೆ ಇಲ್ಲ. ಕೋಶಗಳು ಎಚ್ಚರಗೊಳ್ಳುತ್ತವೆ, ವಿಭಜನೆಯಾಗುತ್ತವೆ, ದಣಿದು ಸಾಯುತ್ತವೆ. ಎಚ್ಚರಗೊಂಡ ಕೋಶವೇ ವೈರಸ್‌ಗೆ ಬೆಳೆಯಲು ಅನುಕೂಲ. ಲಿಂಫ್ ನೋಡ್ ಒಳಗೆ ಗಾಯ ಮಾಗಿದ ಕಡೆ ಆಗುವಂಥ ನಾರು ಬೆಳೆದು ಹೊಸ ಕೋಶಗಳಿಗೆ ಜಾಗವೂ ಹಾಳಾಗುತ್ತದೆ. ನಿಮ್ಮ ಹುಡುಗಿಯ 99 ಕೋಶಗಳಲ್ಲಿ ಕೆಲವು ಸಿಡಿದು ಸಾಯುತ್ತವೆ, ಕೆಲವು ದಣಿದು ಸಾಯುತ್ತವೆ, ಹುಟ್ಟಬೇಕಾದ ಕೆಲವು ಹುಟ್ಟುವುದೇ ಇಲ್ಲ.

ಇದಕ್ಕೆ ಕೋತಿಗಳಿಂದ ಬಂದ ಸಾಕ್ಷಿ ಬಲವಾದದ್ದು. ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬೆ ಎಂಬ ಕೋತಿಗೆ ಎಚ್‌ಐವಿಯ ದಾಯಾದಿ ಎಸ್‌ಐವಿ ಸೋಂಕು ಇರುತ್ತದೆ. ರಕ್ತದಲ್ಲಿ ವೈರಸ್ ಧಂಡಿಯಾಗಿ ಇರುತ್ತದೆ. ಆದರೂ ಸಾಮಾನ್ಯವಾಗಿ ಏಡ್ಸ್ ಬರುವುದಿಲ್ಲ. ಅದೇ ವೈರಸ್ ನಮ್ಮ ದೇಶದ ರೀಸಸ್ ಕೋತಿಗೆ ಹೋದರೆ ಏಡ್ಸ್ ಬರುತ್ತದೆ. (ನಂದಿ ಬೆಟ್ಟದಲ್ಲಿ ನಿಮ್ಮ ಕೈಯಿಂದ ಚುರುಮುರಿ ಕಿತ್ತುಕೊಳ್ಳುವುದು ರೀಸಸ್ ಅಲ್ಲ, ಅದರ ಚಿಕ್ಕಪ್ಪನ ಮಗ.) ಮ್ಯಾಂಗಬೆಯ ದೇಹ ಮೊದಲು ಒಂದಿಷ್ಟು ದಿನ ಎಗರಾಡಿ ಆಮೇಲೆ ತಣ್ಣಗಾಗುತ್ತದೆ. ರೀಸಸ್ ದೇಹ ತಣ್ಣಗಾಗುವುದಿಲ್ಲ, ಮನುಷ್ಯನದ್ದೂ ಹಾಗೇ. ಮುಂದುವರಿದ ಸೋಂಕಿನಲ್ಲಿ ಯಾರು ಎಷ್ಟು ದಿನ ಬದುಕುತ್ತಾರೆ ಅನ್ನುವುದನ್ನು ವೈರಸ್ ಎಷ್ಟಿದೆ ಅನ್ನುವುದಕ್ಕಿಂತ ಟಿ ಕೋಶಗಳು ಎಷ್ಟು ಕೆರಳಿವೆ ಅನ್ನುವುದೇ ಚೆನ್ನಾಗಿ ಹೇಳುತ್ತದೆ ಅಂತ 1999ರಲ್ಲೇ ತೋರಿಸಿದ್ದರು.

ನನ್ನ ಅಭಿಪ್ರಾಯ ಕೇಳಿದರೆ, "ವೈರಸ್ ಟಿ ಕೋಶವನ್ನು ತಿಂದುಹಾಕುತ್ತದೆ" ಅನ್ನುವ ವಾಕ್ಯವನ್ನು ಪಾಠದಿಂದ ತೆಗೆಯಬೇಕು. ವೈರಸ್ ಕಿಡಿ ಹಚ್ಚುತ್ತದೆ, ಸುಡುವ ಕೆಲಸ ಬಹಳಷ್ಟು ನಮ್ಮ ದೇಹದ್ದೇ. ಹಾಗಂತ ವೈರಸ್ ನಿಲ್ಲಿಸಿದರೆ ಸಾಕಾಗದು ಅಂತಲ್ಲ. ಕಿಡಿ ಬೇಗ ನಿಲ್ಲಿಸಿದಷ್ಟೂ ಒಳ್ಳೆಯದು. ರಕ್ತದ ಪ್ರತಿ ಮೈಕ್ರೋಲೀಟರ್‌ಗೆ ಸಿಡಿ4 ಕೋಶ 500ಕ್ಕಿಂತ ಮೇಲಿದ್ದವರಿಗೂ ತಕ್ಷಣ ಔಷಧಿ ಕೊಟ್ಟರೆ ಗಂಭೀರ ಕಾಯಿಲೆ ಮತ್ತು ಸಾವು ಅರ್ಧಕ್ಕಿಂತ ಕಡಿಮೆಯಾಯಿತು ಅಂತ 2015ರಲ್ಲಿ ದೊಡ್ಡ ಪ್ರಯೋಗ ತೋರಿಸಿತು. 2017ರಿಂದ ನಮ್ಮಲ್ಲೂ ಸಿಡಿ4 ಎಷ್ಟೇ ಇರಲಿ, ಪತ್ತೆಯಾದ ಕೂಡಲೇ ಔಷಧಿ.

ಸತ್ಯಶೋಧಕ_80:

ಅಲ್ಲಿಗೆ ನೀವೇ ಒಪ್ಪಿಕೊಂಡ ಹಾಗಾಯಿತಲ್ಲ. ನೂರಕ್ಕೆ ಒಂದು ಕೋಶಕ್ಕೂ ಸೋಂಕಿಲ್ಲ ಅಂದ ಮೇಲೆ ಎಚ್‌ಐವಿಯಿಂದ ಏಡ್ಸ್ ಬರುತ್ತದೆ ಅನ್ನುವುದೇ ಸುಳ್ಳು. ಬರ್ಕಲಿಯ ದೊಡ್ಡ ಪ್ರೊಫೆಸರ್ ಒಬ್ಬರು ಇದನ್ನೇ ಹೇಳಿದ್ದಾರೆ. ಔಷಧಿ ಕಂಪನಿಗಳ ಆಟ ಇದೆಲ್ಲ.

ಪಿಪೆಟ್_ಅಕ್ಕ:

ಪೀಟರ್ ಡ್ಯೂಸ್‌ಬರ್ಗ್ ವಿಷಯ ಹೇಳುತ್ತಿದ್ದೀರಿ. ಹೌದು, 1987ರಲ್ಲಿ ಅವರು ಎತ್ತಿದ ವಾದಗಳಲ್ಲಿ ಇದೂ ಒಂದು: ಇಷ್ಟು ಕಡಿಮೆ ಕೋಶಕ್ಕೆ ಸೋಂಕು ತಗುಲಿದರೆ ಅಷ್ಟು ಕೋಶ ಹೇಗೆ ಸಾಯುತ್ತವೆ? ಮೇಷ್ಟ್ರ ಕ್ಲಾಸಿನ ಹುಡುಗಿ ಕೇಳಿದ್ದೇ. 1987ರಲ್ಲಿ ಅದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಹುಡುಗಿ ಉತ್ತರ ಹುಡುಕಲು ಹೊರಟಿದ್ದಾಳೆ. ಅವರು "ಹಾಗಾದರೆ ವೈರಸ್ ಕಾರಣವೇ ಅಲ್ಲ" ಅಂತ ಷರಾ ಬರೆದು, ಲಿಂಫ್ ನೋಡ್ ಸಾಕ್ಷಿ, ಟಾನ್ಸಿಲ್ ಸಾಕ್ಷಿ ಬಂದ ಮೇಲೂ ಅಲ್ಲೇ ಕೂತರು. ವ್ಯತ್ಯಾಸ ಅಷ್ಟೇ.

ಈ ಒಂದೇ ವೈರಸ್ಸಿನ ಕಿಣ್ವಗಳನ್ನು ತಡೆಯಲೆಂದೇ ಮಾಡಿದ ಔಷಧಿ ಕೊಟ್ಟರೆ ವೈರಸ್ ಇಳಿಯುತ್ತದೆ, ಸಿಡಿ4 ಏರುತ್ತದೆ, ಜನ ಸಾಯುವುದು ನಿಲ್ಲುತ್ತದೆ. ವೈರಸ್ ಕಾರಣ ಅಲ್ಲದಿದ್ದರೆ ಇದು ಹೇಗೆ ಆಗುತ್ತದೆ? ದಕ್ಷಿಣ ಆಫ್ರಿಕಾದಲ್ಲಿ ಇಂಥ ಮಾತಿಗೆ ಸರ್ಕಾರವೇ ಕಿವಿಗೊಟ್ಟು ಔಷಧಿ ತಡ ಮಾಡಿತು. 2000ದಿಂದ 2005ರವರೆಗೆ ಅದರಿಂದ ಹೋದ ಜೀವ 3.3 ಲಕ್ಷಕ್ಕೂ ಹೆಚ್ಚು ಅಂತ ಹಾರ್ವರ್ಡ್‌ನವರ ಲೆಕ್ಕ. ಈ ವಾದ ಇಲ್ಲಿಗೆ ಬಿಡಿ. ಇದನ್ನು ಓದಿ ಯಾರೋ ಒಬ್ಬರು ಮಾತ್ರೆ ನಿಲ್ಲಿಸಿದರೆ ಅವರ ಮನೆಯವರಿಗೆ ನೀವು ಉತ್ತರ ಕೊಡುವುದಿಲ್ಲ.

ಮಂಜುಳಾ_ಕೌನ್ಸೆಲರ್:

ಅಕ್ಕ ಬರೆದದ್ದು ಓದಿದೆ. ಕೆಲವು ಪದ ಗೊತ್ತಾಗಲಿಲ್ಲ, ಆದರೂ ಚೆನ್ನಾಗಿದೆ. ನಾನು ನಗರದ ಒಂದು ಎಆರ್‌ಟಿ (ಎಚ್‌ಐವಿ ಔಷಧಿ ಕೊಡುವ) ಸೆಂಟರ್‌ನಲ್ಲಿ ಕೌನ್ಸೆಲರ್. ಒಂದು ಮಾತು ಹೇಳಲೇಬೇಕು.

ನಿಮ್ಮ ನೇರಳೆ ಮುಚ್ಚಳದ ಟ್ಯೂಬ್ ಇದೆಯಲ್ಲ, ಅದು ನಮ್ಮ ಬೆಂಚಿನಿಂದಲೇ ಹೋಗುವುದು. ಒಪ್ಪಿಗೆ ಪತ್ರ ಓದಿ ಹೇಳುವವಳು ನಾನು. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆಯನ್ನೂ ಮಾಡುವ ಹಾಗಿಲ್ಲ, ಸಂಶೋಧನೆಗೂ ಬಳಸುವ ಹಾಗಿಲ್ಲ. ಜನ ಕೊಡುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಅರ್ಧ ದಿನದ ಸಂಬಳ ಬಿಟ್ಟು ಬಂದು ಕೊಡುತ್ತಾರೆ. ಮುಂದಿನ ಸಲ ಮಾತ್ರೆಗೆ ಬಂದಾಗ ಕೇಳುತ್ತಾರೆ, "ಮೇಡಂ, ಅವತ್ತು ತಗೊಂಡೋದ್ರಲ್ಲ ರಕ್ತ, ಅದರಿಂದ ಏನು ಗೊತ್ತಾಯ್ತಂತೆ?" ನನಗೆ ಏನು ಗೊತ್ತು? ಒಂದು ಲ್ಯಾಬ್‌ನವರು ಸ್ಯಾಂಪಲ್ ಬೇಕಾದಾಗ ದಿನಾ ಫೋನ್ ಮಾಡುತ್ತಿದ್ದರು. ಕೆಲಸ ಆದ ಮೇಲೆ ಒಂದು ಸಾಲು ಬರೆದು ಕಳಿಸಲಿಲ್ಲ. ಪೇಪರ್ ಬಂದಿದೆ ಅಂತ ನಮಗೆ ಪತ್ರಿಕೆ ಓದಿ ಗೊತ್ತಾಯಿತು.

ಮೇಷ್ಟ್ರೇ, ಪಾಠದಲ್ಲಿ ಇದನ್ನೂ ಸೇರಿಸಿ. ಔಷಧಿ 2004ರಿಂದ ಸರ್ಕಾರದ್ದು ಉಚಿತ. ಸರಿಯಾಗಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಹರಡುವುದಿಲ್ಲ. ನಿಮ್ಮ ಕ್ಲಾಸಿನಲ್ಲೇ ಒಬ್ಬರ ಅಪ್ಪನೋ ಅಮ್ಮನೋ ನಮ್ಮ ಹತ್ತಿರ ಬರುವವರು ಇರಬಹುದು. ಪಾಠ ಮಾಡುವಾಗ ಅದು ತಲೆಯಲ್ಲಿರಲಿ. ಸಹಾಯವಾಣಿ 1097.

ಯಲಹಂಕ_ಮೇಷ್ಟ್ರು:

ಮಂಜುಳಾ ಮೇಡಂ, ಕೊನೆಯ ಮಾತು ನಾಟಿತು. ಖಂಡಿತ ಸೇರಿಸುತ್ತೇನೆ.

ಅಕ್ಕ, ಪ್ರಿಂಟ್ ತೆಗೆದು ಆ ಹುಡುಗಿಗೇ ಕೊಟ್ಟೆ. ಬೆಳಗ್ಗೆ ಮತ್ತೆ ಪ್ರಶ್ನೆ ಹಿಡಿದುಕೊಂಡು ಬಂದಳು, ಮೂರು. ಒಂದು, ಔಷಧಿ ಇಷ್ಟು ಚೆನ್ನಾಗಿದ್ದರೆ ವೈರಸ್ ಪೂರ್ತಿ ಯಾಕೆ ಹೋಗುವುದಿಲ್ಲ? ಎರಡು, ಎಲ್ಲ ಅಮೆರಿಕದ್ದೇ ಹೇಳಿದ್ದೀರಿ, ಬೆಂಗಳೂರಿನಲ್ಲಿ ಏನು ನಡೆಯುತ್ತಿದೆ? ಮೂರು, ಇಂಥ ಲ್ಯಾಬ್‌ಗೆ ಸೇರಿದರೆ ಅಪಾಯವೇ? ಮೂರನೆಯದು ಅವಳ ಅಮ್ಮನ ಪ್ರಶ್ನೆ ಅಂತ ನನ್ನ ಅನುಮಾನ.

ಪಿಪೆಟ್_ಅಕ್ಕ:

ಮಂಜುಳಾ ಅವರೇ, ನೀವು ಹೇಳಿದ್ದು ನ್ಯಾಯ. ಟ್ಯೂಬ್ ಮೇಲೆ ನಮಗೆ ಬರುವುದು ಕೋಡ್ ನಂಬರ್ ಮಾತ್ರ, ಹೆಸರಿಲ್ಲ, ಇರಲೂಬಾರದು. ಹಾಗಾಗಿ "ನಿಮ್ಮ ರಕ್ತದಲ್ಲಿ ಇದು ಸಿಕ್ಕಿತು" ಅಂತ ಒಬ್ಬೊಬ್ಬರಿಗೆ ಹೇಳಲು ಆಗುವುದಿಲ್ಲ. ಆದರೆ ಒಟ್ಟು ಏನು ತಿಳಿಯಿತು ಅಂತ ಒಂದು ಪುಟ ಕನ್ನಡದಲ್ಲಿ ಬರೆದು ಸೆಂಟರ್‌ಗೆ ಕಳಿಸಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ನಮ್ಮ ಬಾಸ್ ಹತ್ತಿರ ಈ ವಾರ ಮಾತಾಡುತ್ತೇನೆ. ಬರೆಯುವ ಕೆಲಸ ನನ್ನ ತಲೆಗೇ ಬರುತ್ತದೆ, ಬರಲಿ.

ಮೇಷ್ಟ್ರೇ, ಮೊದಲು ಅಮ್ಮನ ಪ್ರಶ್ನೆ. ಈ ವೈರಸ್ ಗಾಳಿಯಲ್ಲಿ ಹರಡುವುದಿಲ್ಲ. ಲ್ಯಾಬ್‌ನಲ್ಲಿ ಭಯ ಇರುವುದು ಚೂಪಾದ ವಸ್ತುಗಳದ್ದು. ಅದಕ್ಕೇ ಸೂಜಿ, ಗಾಜು ಆದಷ್ಟು ದೂರ, ಎಲ್ಲ ಪ್ಲಾಸ್ಟಿಕ್. ಎರಡೆರಡು ಗ್ಲೌಸ್, ಹಿಂದೆ ಕಟ್ಟುವ ಗೌನು, ಗಾಳಿ ಒಳಗೇ ಎಳೆದು ಶೋಧಿಸುವ ಕ್ಯಾಬಿನೆಟ್, ಎಲ್ಲ ಕಸಕ್ಕೂ ಹೈಪೋಕ್ಲೋರೈಟ್, ಆಮೇಲೆ ಆಟೋಕ್ಲೇವ್. ಸೋಂಕಿತ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗುಲುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. 72 ಗಂಟೆಯೊಳಗೆ ಮಾತ್ರೆ ಶುರು ಮಾಡಿ 28 ದಿನ ತೆಗೆದುಕೊಂಡರೆ ಅದೂ ಬಹಳ ಇಳಿಯುತ್ತದೆ. ಇನ್ನೊಂದು, ಹೊಸದಾಗಿ ಬಂದವರ ಕೈಗೆ ಯಾರೂ ನಿಜವಾದ ವೈರಸ್ ಕೊಡುವುದಿಲ್ಲ. ಒಂದೇ ಸುತ್ತು ಸೋಂಕು ಮಾಡಿ ಮುಂದೆ ಹರಡಲಾರದ, ಕೈಕಾಲು ಮುರಿದ ವೈರಸ್ ತಯಾರಿಸಿಕೊಂಡು ಅದರಲ್ಲಿ ಕೈ ಪಳಗಿಸುತ್ತೇವೆ. ಒಳಗೆ ಜಿಎಫ್‌ಪಿ ಎಂಬ ಹೊಳೆಯುವ ಪ್ರೋಟೀನಿನ ಜೀನ್ ಇಟ್ಟರೆ ಸೋಂಕು ತಗುಲಿದ ಕೋಶ ಮೈಕ್ರೋಸ್ಕೋಪ್‌ನಲ್ಲಿ ಹಸಿರಾಗಿ ಹೊಳೆಯುತ್ತದೆ. ಮೊದಲ ಸಲ ಅದನ್ನು ನೋಡಿದವರು ಯಾರೂ ಅವತ್ತು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ರಾತ್ರಿ ಹತ್ತರ ಮೇಲೆ ಔಟರ್ ರಿಂಗ್ ರೋಡ್‌ನಲ್ಲಿ ಸ್ಕೂಟಿ ಓಡಿಸುವುದೇ ನನಗೆ ಜಾಸ್ತಿ ಭಯ.

ಇನ್ನು ವೈರಸ್ ಯಾಕೆ ಪೂರ್ತಿ ಹೋಗುವುದಿಲ್ಲ ಅನ್ನುವುದು. ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಸೋಂಕು ಹೆಚ್ಚಾಗಿ ಅರ್ಧಕ್ಕೇ ನಿಲ್ಲುತ್ತದೆ ಅಂದೆ. ಆದರೆ ಎಚ್ಚರವಿದ್ದಾಗಲೇ ಸೋಂಕು ತಗುಲಿ, ವೈರಸ್ ಡಿಎನ್‌ಎ ತನ್ನದರ ಜೊತೆ ಸೇರಿಹೋಗಿ, ಆಮೇಲೆ ಸ್ಮೃತಿ ಕೋಶವಾಗಿ (ಹಳೆಯ ಸೋಂಕನ್ನು ನೆನಪಿಟ್ಟುಕೊಳ್ಳುವ ಕೋಶ) ಮಲಗುವವು ಕೆಲವು ಇರುತ್ತವೆ. ವಿಶ್ರಾಂತಿಯಲ್ಲಿರುವ ಹತ್ತು ಲಕ್ಷ ಸಿಡಿ4 ಕೋಶಕ್ಕೆ ಸುಮಾರು ಒಂದರಲ್ಲಿ ಎದ್ದು ಬೆಳೆಯಬಲ್ಲ ವೈರಸ್ ಹೀಗೆ ಅಡಗಿರುತ್ತದೆ. ಅದು ಏನನ್ನೂ ತಯಾರಿಸುವುದಿಲ್ಲ, ಹಾಗಾಗಿ ಔಷಧಿಗೂ ಸಿಗುವುದಿಲ್ಲ, ರೋಗನಿರೋಧಕ ವ್ಯವಸ್ಥೆಗೂ ಕಾಣುವುದಿಲ್ಲ. ಜಾನ್ಸ್ ಹಾಪ್ಕಿನ್ಸ್‌ನ ರಾಬರ್ಟ್ ಸಿಲಿಚಿಯಾನೊ ತಂಡ ಅಳೆದ ಪ್ರಕಾರ ಈ ದಾಸ್ತಾನು ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು. ಪೂರ್ತಿ ಖಾಲಿಯಾಗಲು 70 ವರ್ಷದ ಮೇಲೆ. ಮಾತ್ರೆ ಜೀವನಪೂರ್ತಿ ಅನ್ನುವುದು ಅದಕ್ಕೇ.

ಬೆಂಗಳೂರಿನ ಕೆಲಸ ಇಲ್ಲೇ ಬರುತ್ತದೆ. ಎಚ್‌ಐವಿ-1ರಲ್ಲಿ ಉಪಬಗೆಗಳಿವೆ. ಅಮೆರಿಕ, ಯುರೋಪಿನಲ್ಲಿ ಜಾಸ್ತಿ ಇರುವುದು ಬಿ. ನಮ್ಮಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಇರುವುದು ಸಿ, ಜಗತ್ತಿನ ಸೋಂಕಿತರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಇದೇ. ಆದರೆ ಪುಸ್ತಕದಲ್ಲಿ ಓದುವ ಜ್ಞಾನ ಬಹುಪಾಲು ಬಿ ಮೇಲೆ ನಡೆದ ಕೆಲಸದ್ದು. ನನಗೆ ಇದು ಹಳೇ ಕೋಪ.

ವೈರಸ್ ಡಿಎನ್‌ಎಯ ತುದಿಯಲ್ಲಿ ಎಲ್‌ಟಿಆರ್ ಅನ್ನುವ ಭಾಗ ಇದೆ, ಅದು ಆನ್-ಆಫ್ ಸ್ವಿಚ್. ನಮ್ಮ ಕೋಶ ಕೆರಳಿದಾಗ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಕೆಲಸಕ್ಕೆ ಇಳಿಯುತ್ತದೆ. ವೈರಸ್ ಅದನ್ನೇ ತನ್ನ ಸ್ವಿಚ್ ಒತ್ತಲು ಬಳಸಿಕೊಳ್ಳುತ್ತದೆ. ಆ ಪ್ರೋಟೀನ್ ಕೂರುವ ಜಾಗ ಬಿಯಲ್ಲಿ ಎರಡು, ಸಿಯಲ್ಲಿ ಸಾಮಾನ್ಯವಾಗಿ ಮೂರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಉದಯಕುಮಾರ್ ರಂಗ ಅವರ ಲ್ಯಾಬ್ 2012ರಲ್ಲಿ ನಾಲ್ಕು ಜಾಗ ಇರುವ ಸಿ ವೈರಸ್‌ಗಳು ಭಾರತದಲ್ಲಿ ತಲೆ ಎತ್ತುತ್ತಿವೆ, ಅವುಗಳ ಸ್ವಿಚ್ ಹೆಚ್ಚು ಜೋರು ಅಂತ ತೋರಿಸಿತು. ದೇಹ ಕೆರಳಿದಷ್ಟೂ ವೈರಸ್‌ಗೆ ಲಾಭ ಅಂದೆನಲ್ಲ, ಆ ಲಾಭ ಎಲ್ಲಿ ಜಮಾ ಆಗುತ್ತದೆ ಅಂತ ಇಲ್ಲಿ ಕಣ್ಣಿಗೆ ಕಾಣುತ್ತದೆ. ನಿಮ್ಮ ಕಾಲೇಜಿನಿಂದ ಹೆಚ್ಚು ದೂರವಿಲ್ಲದ ಕಟ್ಟಡದಲ್ಲಿ ಆದ ಕೆಲಸ ಇದು.

ಅದೇ ಲ್ಯಾಬ್‌ನದ್ದು 2004ರ ಇನ್ನೊಂದು ಕೆಲಸ ಇದೆ. ಟ್ಯಾಟ್ ಎಂಬ ವೈರಸ್ ಪ್ರೋಟೀನಿನ 31ನೇ ಜಾಗದಲ್ಲಿ ಬಿಯಲ್ಲಿ ಸಿಸ್ಟೀನ್ ಇದ್ದರೆ ನಮ್ಮ ಸಿಯಲ್ಲಿ ಹೆಚ್ಚಾಗಿ ಸೆರೀನ್. ಒಂದೇ ಒಂದು ಅಮಿನೋ ಆಮ್ಲ. ಆದರೆ ಅದರಿಂದ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ತನ್ನತ್ತ ಸೆಳೆಯುವ ಟ್ಯಾಟ್‌ನ ಶಕ್ತಿ ಕುಂದುತ್ತದೆ. ಮಾನೋಸೈಟ್‌ಗಳು ಮಿದುಳಿಗೆ ನುಗ್ಗುವುದು ಎಚ್‌ಐವಿಯ ಮರೆವು ರೋಗಕ್ಕೆ ಒಂದು ದಾರಿ. ಭಾರತದಲ್ಲಿ ತೀವ್ರ ಮರೆವು ಕಡಿಮೆ ಕಾಣುತ್ತಿದ್ದುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ವಾದ. ದಕ್ಷಿಣ ಆಫ್ರಿಕಾದ ಸಿಯಲ್ಲಿ ಹಳೆಯ ಸಿಸ್ಟೀನ್ ಇರುವ ವೈರಸ್ ನಮ್ಮಲ್ಲಿಗಿಂತ ಜಾಸ್ತಿ. "ಸಿ ಅಂದರೆ ಎಲ್ಲ ಒಂದೇ" ಅಂತ ಹೇಳುವ ಹಾಗೂ ಇಲ್ಲ.

ಐಐಎಸ್‌ಸಿಯಲ್ಲಿ ಅಮಿತ್ ಸಿಂಗ್ ಅವರ ತಂಡ ಮಲಗಿರುವ ವೈರಸ್ ಯಾವುದರಿಂದ ಏಳುತ್ತದೆ ಅಂತ ನೋಡುತ್ತಿದೆ. 2021ರ ಅವರ ಕೆಲಸದ ಪ್ರಕಾರ ನಮ್ಮ ಕೋಶವೇ ಸಣ್ಣ ಪ್ರಮಾಣದಲ್ಲಿ ತಯಾರಿಸುವ ಹೈಡ್ರೋಜನ್ ಸಲ್ಫೈಡ್ ವೈರಸ್ಸನ್ನು ಮಲಗಿಸಿಡಲು ನೆರವಾಗುತ್ತದೆ. ಹೌದು, ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದೇ ಅನಿಲ. ನಿಮ್ಮ ಕೆಮಿಸ್ಟ್ರಿ ಲೆಕ್ಚರರ್‌ಗೆ ಹೇಳಿ, ಖುಷಿ ಪಡುತ್ತಾರೆ. ವೈರಸ್ ಎಬ್ಬಿಸಿ ಕೊಲ್ಲಬೇಕೋ, ಶಾಶ್ವತವಾಗಿ ಮಲಗಿಸಬೇಕೋ ಅಂತ ನಮ್ಮೊಳಗೇ ಎರಡು ಪಕ್ಷ ಇದೆ. ನಾನು ಮಲಗಿಸುವ ಪಕ್ಷ. ಎಬ್ಬಿಸುವ ಔಷಧಿ ಎಲ್ಲ ಕೋಶಗಳಲ್ಲೂ ಒಂದೇ ಸಲ ಎಬ್ಬಿಸಿದ್ದನ್ನು ನಾನಿನ್ನೂ ನೋಡಿಲ್ಲ.

ಹುಡುಗಿಯನ್ನು ಐಐಎಸ್‌ಸಿ ಓಪನ್ ಡೇಗೆ ಕರೆದುಕೊಂಡು ಹೋಗಿ. ನಿಜವಾದ ವೈರಸ್ ಇರುವ ಕೋಣೆಗೆ ಬಿಡುವುದಿಲ್ಲ, ಆದರೆ ಅಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳನ್ನು ಹಿಡಿದು ನಿಲ್ಲಿಸಿ ಎಷ್ಟು ಬೇಕಾದರೂ ಪ್ರಶ್ನೆ ಕೇಳಬಹುದು. ಬೆಳಗ್ಗೆ ಬೇಗ ಹೋಗಿ, ಆಮೇಲೆ ಗೇಟಿನ ಹತ್ತಿರವೇ ಜಾತ್ರೆ. ಅವಳ ನಾಲ್ಕನೇ ಪ್ರಶ್ನೆ ಇದ್ದರೆ ಇಲ್ಲೇ ಹಾಕಿ. ಶುಕ್ರವಾರ ಮಾತ್ರ ಉತ್ತರ ನಿರೀಕ್ಷಿಸಬೇಡಿ, ಅವತ್ತು ನನಗೆ ಪಿ24 ಎಲೈಸಾ (ವೈರಸ್ ಪ್ರೋಟೀನ್ ಅಳೆಯುವ ಪರೀಕ್ಷೆ) ಪ್ಲೇಟ್ ಓದುವ ದಿನ.